ಒಂದೇ ಇಂಟರ್‌ಸೆಪ್ಷನ್ ಇದ್ದ ವರ್ಷ: ಜೇಲನ್ ಹರ್ಟ್ಸ್ ನಿಜವಾಗಿ ಸುಧಾರಿಸಿದ್ದು ಯಾವಾಗ?

ಹಳೇ ಸ್ಕೋರರ್

ಮಗಳ ಮನೆಗೆಂದು ಡಲ್ಲಾಸ್‌ಗೆ ಹೋಗಿ ಬರುವುದು ಶುರುವಾದಂದಿನಿಂದ, ಶನಿವಾರ ಬಂತೆಂದರೆ ಅಳಿಯನ ಪಕ್ಕದಲ್ಲಿ ಕುಳಿತು ಅಮೆರಿಕನ್ ಕಾಲೇಜು ಫುಟ್‌ಬಾಲ್ ನೋಡುವ ಚಟ ನನಗೂ ಅಂಟಿಕೊಂಡಿದೆ. ಊರಿನಲ್ಲಿ ಮೂವತ್ತು ವರ್ಷ ಕ್ಲಬ್ ಕ್ರಿಕೆಟ್‌ಗೆ ಸ್ಕೋರ್ ಬರೆದವನಾದ್ದರಿಂದ ಆಟಕ್ಕಿಂತ ಮೊದಲು ನನ್ನ ಕಣ್ಣು ಅಂಕಿಗಳ ಕಡೆಗೆ ಹೋಗುತ್ತದೆ. ಕ್ವಾರ್ಟರ್‌ಬ್ಯಾಕ್, ಅಂದರೆ ತಂಡದ ಪರ ಪಾಸ್ ಎಸೆಯುವ ಆಟಗಾರ, ಜೇಲನ್ ಹರ್ಟ್ಸ್ ಅವರ ಕಾಲೇಜು ದಿನಗಳ ಅಂಕಿಗಳನ್ನು ಕಳೆದ ವಾರ ನನ್ನ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಿದ್ದಾಗ ಒಂದು ಕಡೆ ಲೆಕ್ಕ ತಾಳೆಯಾಗಲಿಲ್ಲ. ಕೂಡಿಸಿದ್ದು ತಪ್ಪಿತೆಂದಲ್ಲ, ಅಂಕಿಗಳು ಹೇಳುವುದಕ್ಕೂ ಆಮೇಲೆ ನಡೆದದ್ದಕ್ಕೂ ಹೊಂದಿಕೆಯಾಗಲಿಲ್ಲ.

2016ರಲ್ಲಿ, ಆಗಷ್ಟೇ ಕಾಲೇಜು ಸೇರಿದ ಹುಡುಗನಾಗಿ, ಅವರು ಅಲಬಾಮಾ ವಿಶ್ವವಿದ್ಯಾಲಯದ ಪರ 382 ಪಾಸ್ ಎಸೆದು 240ನ್ನು ತಮ್ಮವರ ಕೈಗೆ ಮುಟ್ಟಿಸಿದರು: 2,780 ಯಾರ್ಡ್, 23 ಟಚ್‌ಡೌನ್ (ಎದುರಾಳಿಯ ಅಂಗಳದ ಕೊನೆಗೆ ಚೆಂಡು ಮುಟ್ಟಿಸಿ ಅಂಕ ಗಳಿಸುವುದು), 9 ಇಂಟರ್‌ಸೆಪ್ಷನ್ (ಎದುರಾಳಿ ಹಿಡಿದ ಪಾಸ್). 2017ರಲ್ಲಿ 255 ಎಸೆತಗಳಿಗೆ 154 ಮುಟ್ಟಿದವು: 2,081 ಯಾರ್ಡ್, 17 ಟಚ್‌ಡೌನ್, ಇಂಟರ್‌ಸೆಪ್ಷನ್ ಒಂದೇ ಒಂದು. ಕಾಲೇಜು ಆಟದಲ್ಲಿ ಬಳಸುವ ಪಾಸರ್ ರೇಟಿಂಗ್ 139.1ರಿಂದ 150.2ಕ್ಕೆ ಏರಿತು. ಇಷ್ಟಾಗಿಯೂ 2018ರ ಜನವರಿ 8ರಂದು ಅಟ್ಲಾಂಟಾದಲ್ಲಿ ಜಾರ್ಜಿಯಾ ವಿರುದ್ಧ ನಡೆದ ರಾಷ್ಟ್ರೀಯ ಫೈನಲ್‌ನಲ್ಲಿ, 13-0 ಹಿನ್ನಡೆಯಲ್ಲಿದ್ದಾಗ, ಕೋಚ್ ನಿಕ್ ಸೇಬನ್ ಅರ್ಧಾವಧಿಯಲ್ಲಿ ಅವರನ್ನು ಕೂರಿಸಿ ಟುವಾ ಟಾಗೊವೈಲೋವಾ ಎಂಬ ಹೊಸಬನನ್ನು ಇಳಿಸಿದರು.

ಲೆಕ್ಕದ ಪ್ರಕಾರ ಸುಧಾರಿಸಿದ್ದ ಹುಡುಗನನ್ನು, ಅದೂ ಅಂಥ ಪಂದ್ಯದ ನಡುವೆ, ಕೂರಿಸಲು ಕಾರಣವೇನು? ಸುಧಾರಣೆಯೇ ಆಗಿರಲಿಲ್ಲವೆಂದಾದರೆ ಅದು ಆದದ್ದು ಯಾವಾಗ? ವೃತ್ತಿಪರ ಲೀಗ್‌ನ ಮಾತನ್ನು ದಯವಿಟ್ಟು ಈ ಚರ್ಚೆಯಲ್ಲಿ ತರಬೇಡಿ. ಹರ್ಟ್ಸ್ ಅವರಂತೆ ಸೂಪರ್ ಬೌಲ್, ಅಂದರೆ ಆ ಲೀಗ್‌ನ ಫೈನಲ್, ಗೆದ್ದವರ ವಿಷಯದಲ್ಲಿ ಎಲ್ಲವೂ ತಮಗೆ ಮೊದಲೇ ಗೊತ್ತಿತ್ತೆಂದು ಪ್ರತಿಯೊಬ್ಬರಿಗೂ ಅನ್ನಿಸತೊಡಗುತ್ತದೆ.

ಬೆಳಗಿನ ಜಾವ

ಆ ಫೈನಲ್ ಬೆಂಗಳೂರಿನಲ್ಲಿ ಜನವರಿ 9ರ ಮಂಗಳವಾರ ಬೆಳಿಗ್ಗೆ ಆರೂವರೆಗೆ ಶುರುವಾಯಿತು. ಮೊದಲಾರ್ಧವನ್ನು ನಾನು ಮನೆಯಲ್ಲಿ ನೋಡಿ, ಉಳಿದದ್ದನ್ನು ಕಚೇರಿಯ ಕ್ಯಾಬ್‌ನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮೊಬೈಲ್‌ನಲ್ಲಿ ನೋಡಿದೆ. ಸಿಲ್ಕ್ ಬೋರ್ಡ್ ಹತ್ತಿರ ಚಿತ್ರ ನಿಂತುಹೋಗಿ ಮತ್ತೆ ಬಂದಾಗ 13ನೇ ಸಂಖ್ಯೆಯ ಅಂಗಿ ತೊಟ್ಟ ಎಡಗೈ ಹುಡುಗನೊಬ್ಬ ಚೆಂಡು ಎಸೆಯುತ್ತಿದ್ದುದನ್ನು ಕಂಡು, ಬೇರೆ ಯಾವುದೋ ಪಂದ್ಯ ಹತ್ತಿಕೊಂಡಿತೇ ಎಂದು ಗಾಬರಿಯಾಗಿತ್ತು.

ಹರ್ಟ್ಸ್ ಮೊದಲಾರ್ಧದಲ್ಲಿ ಎಂಟು ಎಸೆತಗಳಿಗೆ ಮೂರನ್ನು ಮುಟ್ಟಿಸಿ 21 ಯಾರ್ಡ್ ಗಳಿಸಿದ್ದರು. ಆ ಎಂಟರಲ್ಲಿ ಇಂಟರ್‌ಸೆಪ್ಷನ್ ಇರಲಿಲ್ಲ ಎಂಬುದನ್ನು ಸ್ಕೋರರ್ ಅವರು ಗಮನಿಸಬೇಕು. ದ್ವಿತೀಯಾರ್ಧದಲ್ಲಿ ಬಂದ ಟುವಾ ಒಂದು ಇಂಟರ್‌ಸೆಪ್ಷನ್ ಕೊಟ್ಟರು. ಓವರ್‌ಟೈಮ್‌ನಲ್ಲಿ ಸಿಕ್ಕ ಮೊದಲ ಅವಕಾಶದಲ್ಲಿಯೇ ಚೆಂಡನ್ನು ಕೈಯಲ್ಲಿ ಹಿಡಿದು ಹಿಂದೆ ಹಿಂದೆ ಓಡಿ 16 ಯಾರ್ಡ್ ಕಳೆದುಕೊಂಡು ಸಿಕ್ಕಿಬಿದ್ದರು. ಅದರ ಮುಂದಿನ ಎಸೆತವೇ ಡಿವಾಂಟಾ ಸ್ಮಿತ್ ಅವರಿಗೆ 41 ಯಾರ್ಡ್‌ಗಳ ಟಚ್‌ಡೌನ್ ಆಗಿ, 26-23ರಿಂದ ಪಂದ್ಯ ಮುಗಿಯಿತು. ತಪ್ಪು ಮಾಡಿದವನು ಗೆಲ್ಲಿಸಿದ, ತಪ್ಪು ಮಾಡದವನು ಬೆಂಚಿನ ಮೇಲಿದ್ದ. ನಿಮ್ಮ ಪುಸ್ತಕದಲ್ಲಿ ಇದನ್ನು ಯಾವ ಕಾಲಮ್ಮಿಗೆ ಬರೆಯುತ್ತೀರಿ?

ಟಸ್ಕಲೂಸಾದಲ್ಲಿದ್ದವಳು

2016ರ ಆಗಸ್ಟ್‌ನಿಂದ ಎರಡು ವರ್ಷ ನಾನು ಟಸ್ಕಲೂಸಾದಲ್ಲಿರುವ ಅಲಬಾಮಾ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಓದುತ್ತಿದ್ದೆ. ಬ್ರಯಂಟ್-ಡೆನ್ನಿ ಕ್ರೀಡಾಂಗಣದ ವಿದ್ಯಾರ್ಥಿ ಭಾಗದಲ್ಲಿ ನಿಂತು ಹರ್ಟ್ಸ್ ಅವರ ಅನೇಕ ಪಂದ್ಯಗಳನ್ನು ನೋಡಿದ್ದೇನೆ. ಸ್ಕೋರರ್ ಅವರು ಕೊಟ್ಟ ಅಂಕಿಗಳಲ್ಲಿಯೇ ಉತ್ತರ ಅಡಗಿದೆ ಎಂಬುದು ನನ್ನ ಅಭಿಪ್ರಾಯ. ಆದರೆ ಅದು ಒಂಬತ್ತು ಒಂದಾದ ಕಡೆ ಇಲ್ಲ. 382 ಇದ್ದದ್ದು 255 ಆದ ಕಡೆ ಇದೆ.

ಮೊದಲ ವರ್ಷ ಹದಿನೈದು ಪಂದ್ಯಗಳಲ್ಲಿ ಸರಾಸರಿ 25 ಪಾಸ್‌ಗಳನ್ನು ಎಸೆಯುತ್ತಿದ್ದ ಹುಡುಗ ಎರಡನೆಯ ವರ್ಷ ಹದಿನಾಲ್ಕು ಪಂದ್ಯಗಳಲ್ಲಿ ಸರಾಸರಿ 18ಕ್ಕೆ ಇಳಿದ. ಒಬ್ಬ ಕ್ವಾರ್ಟರ್‌ಬ್ಯಾಕ್ ಬೆಳೆಯುತ್ತಿದ್ದರೆ ಕೋಚ್‌ಗಳು ಅವನ ಕೈಗೆ ಹೆಚ್ಚು ಚೆಂಡು ಕೊಡುತ್ತಾರೆಯೇ ಹೊರತು ಕಡಿಮೆ ಮಾಡುವುದಿಲ್ಲ. ಅವರು ಕಡಿಮೆ ಮಾಡಿದ್ದರು, ಅವನೂ ಕಡಿಮೆ ಮಾಡಿಕೊಂಡಿದ್ದ. ಮೊದಲು ನೋಡಿದ ರಿಸೀವರ್, ಅಂದರೆ ಪಾಸ್ ಹಿಡಿಯುವವನು, ಖಾಲಿಯಿಲ್ಲದಿದ್ದರೆ ಎರಡನೆಯವನ ಕಡೆ ಕಣ್ಣು ಹೊರಳಿಸುವ ಬದಲು ಚೆಂಡನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಓಡುವುದು ಆ ವರ್ಷದ ಅವನ ರೂಢಿಯಾಗಿತ್ತು. ಓಟ ಚೆನ್ನಾಗಿಯೇ ಇತ್ತು, 855 ಯಾರ್ಡ್ ಓಡಿದ್ದಾನೆ; ಹಾಗಾಗಿ ನಾವೂ ಚಪ್ಪಾಳೆ ತಟ್ಟುತ್ತಿದ್ದೆವು. ಆದರೆ ನಮ್ಮ ಭಾಗದಿಂದ ಅಂಗಳ ಪೂರ್ತಿ ಕಾಣುತ್ತಿದ್ದುದರಿಂದ, ಅವನು ಓಡತೊಡಗಿದ ಕ್ಷಣದಲ್ಲಿಯೇ ಆಚೆ ಬದಿಯಲ್ಲಿ ಒಬ್ಬ ರಿಸೀವರ್ ಒಂಟಿಯಾಗಿ ಕೈಯೆತ್ತಿ ನಿಂತಿರುವುದನ್ನು ಎಷ್ಟೋ ಸಲ ಕಂಡಿದ್ದೇವೆ.

ಇನ್ನೊಂದು ಮಾತು, ಸ್ಕೋರರ್ ಅವರಿಗೆಂದೇ. ಕಾಲೇಜು ಫುಟ್‌ಬಾಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುವ ಮೊದಲೇ ಹಿಂದೆಯೇ ಎದುರಾಳಿಗೆ ಸಿಕ್ಕಿಬಿದ್ದು ಸ್ಯಾಕ್ ಆದರೆ ಆ ನಷ್ಟವನ್ನು ಓಟದ ಲೆಕ್ಕದಿಂದ ಕಳೆಯುತ್ತಾರೆ, ಪಾಸ್ ಲೆಕ್ಕದಿಂದಲ್ಲ. ವೃತ್ತಿಪರ ಲೀಗ್‌ನಲ್ಲಿ ಹಾಗಿಲ್ಲ. ರೇಟಿಂಗ್ ಸೂತ್ರದಲ್ಲಿ ಯಾರ್ಡ್‌ಗೆ 8.4, ಟಚ್‌ಡೌನ್‌ಗೆ 330, ಮುಟ್ಟಿದ ಪಾಸ್‌ಗೆ 100 ಅಂಕ ಕೂಡಿಸಿ, ಇಂಟರ್‌ಸೆಪ್ಷನ್‌ಗೆ 200 ಕಳೆದು, ಎಸೆತಗಳ ಸಂಖ್ಯೆಯಿಂದ ಭಾಗಿಸುತ್ತಾರೆ. ಸ್ಯಾಕ್‌ಗೆ ಅದರಲ್ಲಿ ಜಾಗವೇ ಇಲ್ಲ. ಎಸೆಯದೆ ಉಳಿಸಿಕೊಂಡ ಚೆಂಡಿಗೆ ಆ ಸೂತ್ರ ದಂಡ ಹಾಕುವುದಿಲ್ಲ. 150.2 ಹುಟ್ಟಿದ್ದು ಹೀಗೆ.

ಹಳೇ ಸ್ಕೋರರ್

ಮೇಡಂ, ಸ್ಯಾಕ್‌ನ ವಿಷಯ ನನಗೆ ತಿಳಿದಿರಲಿಲ್ಲ. ಪುಸ್ತಕದ ಅಂಚಿನಲ್ಲಿ ಕೆಂಪು ಶಾಯಿಯಿಂದ ಬರೆದುಕೊಂಡೆ. ನೀವು ಹೇಳಿದ್ದನ್ನು ಓದುತ್ತಿದ್ದಂತೆ ನನಗೆ 1975ರ ವಿಶ್ವಕಪ್ ನೆನಪಾಯಿತು. ಲಾರ್ಡ್ಸ್‌ನಲ್ಲಿ ಇಂಗ್ಲೆಂಡ್ 60 ಓವರುಗಳಲ್ಲಿ 334 ರನ್ ಹೊಡೆದಿತ್ತು. ಗವಾಸ್ಕರ್ ಆರಂಭಿಕನಾಗಿ ಇಳಿದು, ಇನಿಂಗ್ಸ್ ಮುಗಿಯುವವರೆಗೂ ನಿಂತು, 174 ಎಸೆತಗಳಲ್ಲಿ 36 ರನ್ ಮಾಡಿ ಔಟಾಗದೆ ಮರಳಿದರು. ಭಾರತ ಮೂರೇ ವಿಕೆಟ್‌ಗೆ 132. ಸ್ಕೋರ್ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಔಟಿಲ್ಲದ ಚಿಹ್ನೆ ಬಹಳ ಮುದ್ದಾಗಿ ಕಾಣುತ್ತದೆ.

ಆದರೂ ಒಂದು ಅನುಮಾನ. ಕಡಿಮೆ ಎಸೆದದ್ದು ಅವನ ಭಯವೋ, ಕೋಚ್‌ಗಳ ಯೋಜನೆಯೋ? ಆ ವರ್ಷ ಅಲಬಾಮಾ ಸೋತದ್ದು ಆಬರ್ನ್ ವಿರುದ್ಧದ ಒಂದೇ ಪಂದ್ಯ. ಗೆಲ್ಲುತ್ತಿರುವ ತಂಡಕ್ಕೆ ಹೆಚ್ಚು ಪಾಸ್ ಎಸೆಯುವ ಅಗತ್ಯವಾದರೂ ಏನು?

ಟೆಕ್ಸಾಸ್ ಅಪ್ಪ

ನನ್ನ ಮಗ ಹೂಸ್ಟನ್ ಹತ್ತಿರದ ಒಂದು ಶಾಲೆಯಲ್ಲಿ ಒಂಬತ್ತನೆಯ ತರಗತಿಯ ತಂಡದ ಕ್ವಾರ್ಟರ್‌ಬ್ಯಾಕ್. ಹರ್ಟ್ಸ್ ಅವರ ಊರಾದ ಚಾನೆಲ್‌ವ್ಯೂ ನಮ್ಮಿಂದ ಬಹಳ ದೂರವಿಲ್ಲ. ಅಲ್ಲಿನ ಶಾಲೆಯಲ್ಲಿ ಅವರ ತಂದೆಯೇ ಅವರಿಗೆ ಕೋಚ್ ಆಗಿದ್ದರು. ಭಯವೋ ಯೋಜನೆಯೋ ಎಂಬ ಪ್ರಶ್ನೆಗೆ ಮೈದಾನದ ಅಂಚಿನಲ್ಲಿ ಮಡಿಚುವ ಕುರ್ಚಿ ಹಾಕಿಕೊಂಡು ಕುಳಿತು ಕಲಿತ ಒಂದು ಸಂಗತಿಯನ್ನು ಹೇಳುತ್ತೇನೆ.

ಮಗನ ತಂಡದ ಅಭ್ಯಾಸದಲ್ಲಿ ಕೋಚ್ ಒಂದು ಉದ್ದ ಹಿಡಿಯ ಪೊರಕೆ ತಂದಿಟ್ಟಿರುತ್ತಾರೆ. ಹುಡುಗ ಸ್ನ್ಯಾಪ್, ಅಂದರೆ ಆಟ ಶುರುವಾಗುವಾಗ ಹಿಂದಕ್ಕೆ ಕೊಡುವ ಚೆಂಡು, ಪಡೆದು ಐದು ಹೆಜ್ಜೆ ಹಿಂದೆ ಬರುತ್ತಿದ್ದಂತೆ ಒಬ್ಬರು ಆ ಪೊರಕೆಯನ್ನು ಅವನ ಮುಖದ ಮುಂದೆ, ತಲೆಯ ಮೇಲೆ, ಪಕ್ಕೆಯ ಬಳಿ ಬೀಸುತ್ತಾರೆ; ಇಪ್ಪತ್ತು ಗಜ ಆಚೆ ನಿಂತ ಇನ್ನೊಬ್ಬರು ಕೈಬೆರಳು ಎತ್ತಿ ಹಿಡಿದಿರುತ್ತಾರೆ. ಹುಡುಗ ಎಷ್ಟು ಬೆರಳೆಂದು ಕೂಗಿ ಹೇಳಿ ಚೆಂಡು ಎಸೆಯಬೇಕು. ಮೊದಲ ವಾರ ನನ್ನ ಮಗನಿಗೆ ಒಂದು ಬೆರಳೂ ಕಾಣಲಿಲ್ಲ, ಏಕೆಂದರೆ ಅವನು ನೋಡುತ್ತಿದ್ದುದು ಪೊರಕೆಯನ್ನು. ಪೊರಕೆ ಬಡಿದರೆ ನೋವಾಗುವುದಿಲ್ಲವೆಂದು ಅವನಿಗೆ ಗೊತ್ತಿತ್ತು; ಆದರೂ ಕಣ್ಣು ಕೆಳಗಿಳಿಯುತ್ತಿತ್ತು, ಕಣ್ಣು ಇಳಿದ ಕೂಡಲೇ ಕಾಲು ಬಲಕ್ಕೆ ಓಡುತ್ತಿತ್ತು.

2017ರ ಹರ್ಟ್ಸ್ ಅವರ ಪಂದ್ಯಗಳನ್ನು ಈಗ ಹಾಕಿ ನೋಡಿದಾಗ ನನಗೆ ಕಾಣುವುದು ಇದೇ. ನಾಲ್ಕು ಜನ ನುಗ್ಗಿ ಬರುವಾಗ ದೃಷ್ಟಿ ದೂರದಿಂದ ಹತ್ತಿರಕ್ಕೆ ಬೀಳುತ್ತದೆ. ಇದನ್ನು ಭಯವೆಂದು ಕರೆಯಲು ನನಗೆ ಮನಸ್ಸಿಲ್ಲ. ಶಾಲೆಯ ದಿನಗಳಲ್ಲಿ ಪವರ್‌ಲಿಫ್ಟಿಂಗ್ ಸ್ಪರ್ಧೆಗೆ ಇಳಿದ ಮೈಕಟ್ಟಿನ ಹುಡುಗ ಯಾರ ಹೊಡೆತಕ್ಕೂ ಹೆದರುವವನಲ್ಲ. ಓಡಿದರೆ ಹೇಗೂ ಹತ್ತು ಯಾರ್ಡ್ ಸಿಗುತ್ತದೆಂಬ ನಂಬಿಕೆ ಅವನ ಮೈಯಲ್ಲಿಯೇ ಇತ್ತು, ಅದು ನಿಜವೂ ಆಗಿತ್ತು. ಕೈಯಲ್ಲಿ ಅಷ್ಟು ಒಳ್ಳೆಯ ಎರಡನೆಯ ದಾರಿ ಇರುವವನು ಮೊದಲನೆಯ ದಾರಿಯನ್ನು ಕಲಿಯುವುದು ತಡವಾಗುತ್ತದೆ.

ಅಂದಹಾಗೆ, ಆ ವರ್ಷದ ಒಂದು ಪಂದ್ಯವನ್ನು ಮಗನೊಂದಿಗೆ ನೋಡುತ್ತಿದ್ದಾಗ ಅವನು ಅಂದದ್ದು: “ಅಪ್ಪ, ಇವನು ಎದುರಾಳಿಗೂ ಚೆಂಡು ಕೊಡ್ತಿಲ್ಲ, ನಮ್ಮವರಿಗೂ ಕೊಡ್ತಿಲ್ಲ.”

ನಾರ್ಮನ್ ಕಡೆಯವ

ಓಕ್ಲಹೋಮಾದ ನಾರ್ಮನ್‌ನಲ್ಲಿ ನೆಲೆಸಿರುವವನಾಗಿ ನನ್ನ ಪಕ್ಷಪಾತವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಸುಧಾರಣೆ ಆದದ್ದು ಇಲ್ಲಿ, ಹರ್ಟ್ಸ್ ಅಲಬಾಮಾ ಬಿಟ್ಟು ನಮ್ಮ ಓಕ್ಲಹೋಮಾ ವಿಶ್ವವಿದ್ಯಾಲಯದ ಪರ ಆಡಿದ 2019ರಲ್ಲಿ. 340 ಎಸೆತಗಳಲ್ಲಿ 237 ಮುಟ್ಟಿದವು, ಅಂದರೆ ನೂರಕ್ಕೆ 69.7, 3,851 ಯಾರ್ಡ್, 32 ಟಚ್‌ಡೌನ್, 8 ಇಂಟರ್‌ಸೆಪ್ಷನ್, ರೇಟಿಂಗ್ 191.2. ಇದರ ಜೊತೆಗೆ ಓಟದಲ್ಲಿ 1,298 ಯಾರ್ಡ್, 20 ಟಚ್‌ಡೌನ್. ವರ್ಷದ ಶ್ರೇಷ್ಠ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿಯ ಮತಗಣನೆಯಲ್ಲಿ ಎಲ್‌ಎಸ್‌ಯು (ಲೂಯಿಸಿಯಾನಾ ಸ್ಟೇಟ್) ತಂಡದ ಜೋ ಬರ್ರೋ ನಂತರ ಎರಡನೆಯ ಸ್ಥಾನ. ಇಂಟರ್‌ಸೆಪ್ಷನ್ ಒಂದರಿಂದ ಎಂಟಾಯಿತೆಂಬುದನ್ನು ಇಲ್ಲಿ ಯಾರೂ ಹಿನ್ನಡೆ ಎನ್ನಲಾರರೆಂದು ಭಾವಿಸುತ್ತೇನೆ. ಒಂದು ಎಸೆತಕ್ಕೆ ಸರಾಸರಿ 11.3 ಯಾರ್ಡ್ ಬರುತ್ತಿದ್ದಾಗ ಆ ಎಂಟು, ವ್ಯಾಪಾರದಲ್ಲಿ ಹೋಗುವ ಬಾಡಿಗೆಯಷ್ಟೇ.

ಮೊದಲ ಪಂದ್ಯವೇ ಹೂಸ್ಟನ್ ವಿರುದ್ಧ: 23ಕ್ಕೆ 20 ಪಾಸ್, 332 ಯಾರ್ಡ್, ಎಸೆದು ಮೂರು ಟಚ್‌ಡೌನ್, ಓಡಿ ಮೂರು. ನಮ್ಮ ಆಗಿನ ಕೋಚ್ ಲಿಂಕನ್ ರೈಲಿ ಅವರ ಕೈಯಲ್ಲಿ 2017ರಲ್ಲಿ ಬೇಕರ್ ಮೇಫೀಲ್ಡ್, 2018ರಲ್ಲಿ ಕೈಲರ್ ಮರ್ರೆ ಹೈಸ್‌ಮನ್ ಗೆದ್ದಿದ್ದರು. ಕೈ ಒಳ್ಳೆಯದಾದರೆ ಮಡಕೆಯೂ ಒಳ್ಳೆಯದಾಗುತ್ತದೆ.

ಟಸ್ಕಲೂಸಾದಲ್ಲಿದ್ದವಳು

ಮಡಕೆಯ ಮಾತು ಬಂದದ್ದು ಒಳ್ಳೆಯದಾಯಿತು, ಏಕೆಂದರೆ ನಾನು ಒಪ್ಪದಿರುವುದು ಅದನ್ನೇ. ರೈಲಿ ಅವರ ಬಳಿಗೆ ಬಂದಾಗ ಹರ್ಟ್ಸ್ ಹಸಿ ಮಣ್ಣಾಗಿರಲಿಲ್ಲ. ನಾನು ನೋಡಿದ ಮಟ್ಟಿಗೆ ಆ ಬದಲಾವಣೆ 2018ರಲ್ಲಿ, ಅವರು ಎರಡನೆಯ ಆಯ್ಕೆಯಾಗಿ ಬೆಂಚಿನ ಮೇಲೆ ಕುಳಿತಿದ್ದ ವರ್ಷ, ಯಾರೂ ಅವರನ್ನು ನೋಡದಿದ್ದಾಗ ಆಯಿತು.

ಆ ವರ್ಷ ಒಂದು ಹೊಸ ನಿಯಮ ಬಂದಿತ್ತು: ನಾಲ್ಕು ಪಂದ್ಯಗಳಿಗಿಂತ ಹೆಚ್ಚು ಆಡದಿದ್ದರೆ ಕಾಲೇಜು ಪರ ಆಡಲು ಆ ಆಟಗಾರನಿಗಿರುವ ಅರ್ಹತೆಯ ಒಂದು ವರ್ಷ ಉಳಿಯುತ್ತಿತ್ತು. ನಾಲ್ಕಕ್ಕೇ ನಿಲ್ಲಿಸಿ ಬೇರೆ ಕಾಲೇಜಿಗೆ ಹೋಗುವುದು ಅವರಿಗೆ ಸುಲಭವಿತ್ತು, ಹೋಗುತ್ತಾರೆಂದೇ ಬಹಳ ಜನ ಅಂದುಕೊಂಡಿದ್ದೆವು. ಐದನೆಯ ಪಂದ್ಯದಲ್ಲಿ ಅವರು ಅಂಗಳಕ್ಕಿಳಿದರು. ಆ ವರ್ಷ ಅಲ್ಲಿಗೆ ಖರ್ಚಾಯಿತು. ಡಿಸೆಂಬರ್‌ನಲ್ಲಿ ಪದವಿಯನ್ನೂ ಮುಗಿಸಿದರು.

ಅದೇ ಡಿಸೆಂಬರ್ 1ರಂದು, ಹಿಂದೆ ಅವರನ್ನು ಕೂರಿಸಿದ ಅದೇ ಅಟ್ಲಾಂಟಾ ಕ್ರೀಡಾಂಗಣದಲ್ಲಿ, ಅದೇ ಜಾರ್ಜಿಯಾ ವಿರುದ್ಧ ಎಸ್‌ಇಸಿ, ಅಂದರೆ ಎರಡೂ ತಂಡಗಳಿರುವ ಪ್ರಾದೇಶಿಕ ಒಕ್ಕೂಟದ ಫೈನಲ್. ಟುವಾ ಅಂದು 25ಕ್ಕೆ ಹತ್ತು ಪಾಸ್ ಮಾತ್ರ ಮುಟ್ಟಿಸಿ, ಎರಡು ಇಂಟರ್‌ಸೆಪ್ಷನ್ ಕೊಟ್ಟು, ನಾಲ್ಕನೆಯ ಕ್ವಾರ್ಟರ್‌ನಲ್ಲಿ ಕಣಕಾಲಿಗೆ ಪೆಟ್ಟು ಮಾಡಿಕೊಂಡು ಹೊರನಡೆದರು. ತಂಡ 28-21 ಹಿಂದಿತ್ತು. ಹರ್ಟ್ಸ್ ಒಳಗೆ ಬಂದು ಒಂಬತ್ತು ಎಸೆತಗಳಲ್ಲಿ ಏಳನ್ನು ಮುಟ್ಟಿಸಿ 82 ಯಾರ್ಡ್ ಗಳಿಸಿದರು. ಜೆರ್ರಿ ಜೂಡಿ ಅವರಿಗೆ ಎಸೆದ ಟಚ್‌ಡೌನ್‌ನಿಂದ ಸಮ ಮಾಡಿ, ಒಂದು ನಿಮಿಷ ನಾಲ್ಕು ಸೆಕೆಂಡ್ ಉಳಿದಿರುವಾಗ ತಾವೇ 15 ಯಾರ್ಡ್ ಓಡಿ 35-28 ಮಾಡಿದರು.

ಜನ ಆ ಕೊನೆಯ ಓಟವನ್ನು ನೆನೆಯುತ್ತಾರೆ. ನಾನು ನೆನೆಯುವುದು ಅದಕ್ಕೆ ಮೊದಲಿನ ಪಾಸ್‌ಗಳನ್ನು. ಪಾಕೆಟ್ (ಎಸೆಯುವವನಿಗಾಗಿ ತಂಡದವರು ಸುತ್ತ ನಿಂತು ಕಾಯುವ ಜಾಗ) ಸುತ್ತ ಕೈಗಳು ಮುತ್ತುತ್ತಿದ್ದರೂ ಅವರು ನಿಂತಲ್ಲಿಯೇ ನಿಂತಿದ್ದರು, ತಲೆ ಮೇಲಿತ್ತು. ಟೆಕ್ಸಾಸ್ ಅಪ್ಪ ಅವರ ಮಾತಿನಲ್ಲಿ ಹೇಳುವುದಾದರೆ ಅವರು ಪೊರಕೆಯನ್ನು ನೋಡುತ್ತಿರಲಿಲ್ಲ.

ಬೆಳಗಿನ ಜಾವ

ಅದು ಇಲ್ಲಿ ಭಾನುವಾರ ನಸುಕಿನ ಎರಡೂವರೆಗೆ ಶುರುವಾದ ಪಂದ್ಯ. ಅಮ್ಮ ಎದ್ದುಬಂದು “ಯಾರು ಸತ್ತರು?” ಎಂದು ಕೇಳುವಷ್ಟು ಕೂಗಿದ್ದೆನಾದ್ದರಿಂದ ಅದರ ಬಗ್ಗೆ ನನಗೂ ಪ್ರೀತಿಯಿದೆ. ಆದರೂ ಮೇಡಂ, ಒಂಬತ್ತು ಎಸೆತಗಳ ಮೇಲೆ ಇಷ್ಟು ದೊಡ್ಡ ತೀರ್ಮಾನ ಸರಿಯೇ? ಆ ಇಡೀ ವರ್ಷ ಅವರು ಎಸೆದದ್ದು 70 ಪಾಸ್, ಅದರಲ್ಲಿ ಹೆಚ್ಚಿನವು ತಂಡ ಆಗಲೇ ಬಹಳ ಮುಂದಿದ್ದಾಗ, ಎದುರಾಳಿ ಸೋತು ಸುಣ್ಣವಾಗಿದ್ದಾಗ. 72.9 ಶೇಕಡಾ ಎಂಬುದು ಅಲ್ಲಿಂದ ಬಂದದ್ದು. ಜಾರ್ಜಿಯಾ ಕೂಡ ಇಡೀ ವಾರ ಟುವಾ ಅವರಿಗಾಗಿ ಸಿದ್ಧವಾಗಿ ಬಂದು, ಕೊನೆಯ ಹನ್ನೊಂದು ನಿಮಿಷ ಬೇರೊಬ್ಬನನ್ನು ಎದುರಿಸಿತು. ಸಾಲದ್ದಕ್ಕೆ ಅದೇ ತಂಡ ಪಂಟ್ ಮಾಡುವಂತೆ, ಅಂದರೆ ಚೆಂಡನ್ನು ದೂರ ಒದ್ದು ಎದುರಾಳಿಗೆ ಬಿಟ್ಟುಕೊಡುವಂತೆ, ನಟಿಸಿ ವಿಫಲವಾಗಿ, ಅಂಗಳದ ಮಧ್ಯದಲ್ಲಿ ಚೆಂಡನ್ನು ಬಿಟ್ಟುಕೊಟ್ಟಿತು. ಆ ಉಡುಗೊರೆಯನ್ನು ಲೆಕ್ಕದಿಂದ ತೆಗೆದರೆ ಉಳಿಯುವುದೇನು?

ತುಂಗಭದ್ರಾ

ಇದುವರೆಗೆ ಯಾರೂ ಎತ್ತದ ವಿಷಯವೊಂದಿದೆ. ನಾಲ್ಕು ವರ್ಷಗಳಲ್ಲಿ ಈ ಹುಡುಗನಿಗೆ ಮುಂದೆ ಯಾವ ಆಟ ಆಡಬೇಕೆಂದು ಹೇಳಿಕೊಟ್ಟ ಕೋಚ್‌ಗಳು ಎಷ್ಟು ಜನ? 2016ರಲ್ಲಿ ಲೇನ್ ಕಿಫಿನ್. ಅವರು ಬೇರೆ ಕೆಲಸ ಹಿಡಿದು ಹೊರಟಿದ್ದರಿಂದ ಕ್ಲೆಮ್ಸನ್ ವಿರುದ್ಧದ ಫೈನಲ್ ಒಂದಕ್ಕೆ ಸ್ಟೀವ್ ಸಾರ್ಕಿಸಿಯನ್. 2017ರಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಎಂಬ ವೃತ್ತಿಪರ ತಂಡದಿಂದ ಬಂದ ಬ್ರಯಾನ್ ಡೇಬಲ್. 2018ರಲ್ಲಿ ಮೈಕ್ ಲಾಕ್ಸ್‌ಲಿ, ಕ್ವಾರ್ಟರ್‌ಬ್ಯಾಕ್‌ಗಳಿಗೆಂದು ಡ್ಯಾನ್ ಈನೋಸ್. 2019ರಲ್ಲಿ ರೈಲಿ. ಪ್ರತಿ ವರ್ಷ ಮೇಷ್ಟ್ರು ಬದಲಾದರೆ ಮಗುವಿನ ಅಂಕಪಟ್ಟಿಯಲ್ಲಿ ಏರಿಳಿತ ಕಾಣುವುದು ಸಹಜ. ಆ ಏರಿಳಿತ ಮಗುವಿನದೋ ಮೇಷ್ಟ್ರದೋ ಎಂದು ಬಿಡಿಸಿ ಹೇಳುವುದು ಕಷ್ಟ. ಆಟದ ಹೆಸರುಗಳು ಬೇರೆ, ಸನ್ನೆಗಳು ಬೇರೆ, ಯಾರನ್ನು ಮೊದಲು ನೋಡಬೇಕೆಂಬ ಕ್ರಮ ಬೇರೆ. ಎರಡನೆಯ ರಿಸೀವರ್ ಕಡೆ ಕಣ್ಣು ಹೋಗುವುದಿಲ್ಲವೆಂದು ಇಲ್ಲಿ ದೂರುತ್ತಿದ್ದೇವೆ; ಎರಡನೆಯವನು ಯಾರೆಂಬುದೇ ವರ್ಷಕ್ಕೊಮ್ಮೆ ಬದಲಾಗುತ್ತಿತ್ತಲ್ಲ.

ಟಸ್ಕಲೂಸಾದಲ್ಲಿದ್ದವಳು

ಮೇಷ್ಟ್ರ ಮಾತನ್ನು ಅರ್ಧ ಒಪ್ಪುತ್ತೇನೆ. ಆದರೆ ದೋಷ ಮೊದಲ ವರ್ಷದಿಂದಲೂ ಇತ್ತು. 2017ರ ಜನವರಿಯಲ್ಲಿ ಟ್ಯಾಂಪಾದಲ್ಲಿ ನಡೆದ ಕ್ಲೆಮ್ಸನ್ ಫೈನಲ್‌ನಲ್ಲಿ ಅವರು 31 ಎಸೆತಗಳಲ್ಲಿ 13 ಮುಟ್ಟಿಸಿ 131 ಯಾರ್ಡ್ ಗಳಿಸಿದರು. ಅದರಲ್ಲಿ ಓ.ಜೆ. ಹೋವರ್ಡ್ ಅವರಿಗೆ ಎಸೆದ ಒಂದೇ ಪಾಸ್ 68 ಯಾರ್ಡ್. ಉಳಿದ ಮೂವತ್ತು ಎಸೆತಗಳಿಗೆ 63 ಯಾರ್ಡ್ ಎಂದಾಯಿತು. ಹಾಗಿದ್ದೂ, ಎರಡು ನಿಮಿಷ ಏಳು ಸೆಕೆಂಡ್ ಉಳಿದಿರುವಾಗ 30 ಯಾರ್ಡ್ ಓಡಿ 31-28 ಮುನ್ನಡೆ ತಂದುಕೊಟ್ಟವರೂ ಅವರೇ. ಒಂದು ಸೆಕೆಂಡ್ ಉಳಿದಾಗ ಕ್ಲೆಮ್ಸನ್ ಟಚ್‌ಡೌನ್ ಹೊಡೆಯದಿದ್ದರೆ ಆ ಓಟದ ಚಿತ್ರ ಇಂದಿಗೂ ಟಸ್ಕಲೂಸಾದ ಪ್ರತಿ ಹೋಟೆಲಿನ ಗೋಡೆಯ ಮೇಲಿರುತ್ತಿತ್ತು. ಓಟವು ಪಾಸ್‌ನ ಬಡತನವನ್ನು ಮುಚ್ಚುತ್ತಿದ್ದುದು ಹೀಗೆ.

ಒಳ್ಳೆಯ ರಿಸೀವರ್‌ಗಳಿರಲಿಲ್ಲ ಎಂಬ ಸಬೂಬೂ ನಡೆಯುವುದಿಲ್ಲ. 2017ರಲ್ಲಿ ಕ್ಯಾಲ್ವಿನ್ ರಿಡ್ಲಿ ಜೊತೆಗೆ ಜೂಡಿ, ರಗ್ಸ್, ಡಿವಾಂಟಾ ಸ್ಮಿತ್ ಇದ್ದರು. ಈ ನಾಲ್ವರೂ ಮುಂದೆ ಡ್ರಾಫ್ಟ್‌ನ, ಅಂದರೆ ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಸರದಿಯ, ಮೊದಲ ಸುತ್ತಿನಲ್ಲಿ ಆಯ್ಕೆಯಾದರು.

ಬೆಳಗಿನ ಜಾವ ಅವರೇ, ಒಂಬತ್ತು ಎಸೆತ ಕಡಿಮೆಯೆಂಬುದು ನಿಜ. ಆದರೆ ನಾನು ಆ ಎಸೆತಗಳ ಫಲವನ್ನು ಎಣಿಸುತ್ತಿಲ್ಲ, ನಿಂತ ಭಂಗಿಯನ್ನು ಹೇಳುತ್ತಿದ್ದೇನೆ. ಈಜು ಬಂದಿದೆಯೇ ಎಂದು ತಿಳಿಯಲು ಹೊಳೆ ದಾಟಿಸಿಯೇ ನೋಡಬೇಕಾಗಿಲ್ಲ.

ನಾರ್ಮನ್ ಕಡೆಯವ

ಹೊಳೆ ದಾಟಿಸಿದ್ದು ನಾವು. ನವೆಂಬರ್ 16, 2019, ವೇಕೋ ಊರಿನಲ್ಲಿ ಬೇಲರ್ ವಿರುದ್ಧ. ಬೇಲರ್ ಅಲ್ಲಿಯವರೆಗೆ ಒಂದೂ ಪಂದ್ಯ ಸೋತಿರಲಿಲ್ಲ. ನಮ್ಮ ಕಡೆ, ಆ ವರ್ಷ 1,327 ಯಾರ್ಡ್ ಹಿಡಿದ ರಿಸೀವರ್ ಸೀಡೀ ಲ್ಯಾಂಬ್ ಅಂದು ಗಾಯದಿಂದಾಗಿ ಆಡಲಿಲ್ಲ. ಎರಡನೆಯ ಕ್ವಾರ್ಟರ್‌ನಲ್ಲಿ 28-3 ಆಯಿತು, ಅರ್ಧಾವಧಿಗೆ 31-10. ಪಕ್ಕದ ಮನೆಯವರು ಟಿವಿ ಆರಿಸಿದರೆಂಬುದು ನನಗೆ ಸದ್ದು ನಿಂತದ್ದರಿಂದಲೇ ಗೊತ್ತಾಯಿತು. ಆ ಬಳಿಕ ಬೇಲರ್‌ಗೆ ಒಂದು ಅಂಕವೂ ಸಿಗಲಿಲ್ಲ, ಹರ್ಟ್ಸ್ 297 ಯಾರ್ಡ್, ನಾಲ್ಕು ಟಚ್‌ಡೌನ್ ಪಾಸ್, ಓಟದಲ್ಲಿ 114 ಯಾರ್ಡ್‌ಗಳೊಂದಿಗೆ ಪಂದ್ಯ ಮುಗಿಸಿದರು. ಫಲಿತಾಂಶ 34-31.

ಲ್ಯಾಂಬ್ ಇಲ್ಲದೆ, ಇಪ್ಪತ್ತೊಂದು ಅಂಕ ಹಿಂದಿದ್ದು, ಎಲ್ಲರಿಗೂ ಪಾಸ್ ಬರುತ್ತದೆಂದು ಗೊತ್ತಿರುವಾಗ ಎಸೆಯುವುದು 2017ರ ಹುಡುಗನಿಂದ ಆಗುತ್ತಿರಲಿಲ್ಲ. ಅಲಬಾಮಾದಲ್ಲಿ ಅವರು 13-0 ಹಿಂದಿದ್ದಾಗಲೇ ಕೂರಿಸಿದ್ದರು ಎಂಬುದನ್ನು ನೆನಪಿಸಿಕೊಳ್ಳಿ.

ಬೆಳಗಿನ ಜಾವ

ಆ ಪಂದ್ಯದ ಲೆಕ್ಕವನ್ನು ಪೂರ್ತಿ ಕೊಡಬೇಕಿತ್ತು. ಅವರೇ ಅಂದು ಮೂರು ಸಲ ಚೆಂಡನ್ನು ಎದುರಾಳಿಗೆ ಒಪ್ಪಿಸಿದ್ದರು, ಒಂದು ಇಂಟರ್‌ಸೆಪ್ಷನ್, ಎರಡು ಫಂಬಲ್ (ಕೈಬಿಟ್ಟ ಚೆಂಡು). ತಾವೇ ತೋಡಿದ ಗುಂಡಿಯಿಂದ ತಾವೇ ಹತ್ತಿ ಬಂದದ್ದು ಶ್ಲಾಘನೀಯವೇ, ಆದರೆ ಗುಂಡಿಯನ್ನು ಮರೆಯಬಾರದು. 2016ರ ಸೆಪ್ಟೆಂಬರ್‌ನಲ್ಲಿ ಆರ್ಲಿಂಗ್ಟನ್‌ನಲ್ಲಿ ಯುಎಸ್‌ಸಿ ವಿರುದ್ಧ ಕಾಲೇಜು ಜೀವನದ ಮೊಟ್ಟಮೊದಲ ಆಟದಲ್ಲಿಯೇ ಅವರು ಚೆಂಡು ಕೈಬಿಟ್ಟಿದ್ದರು. ಆ ಪಂದ್ಯವನ್ನು ತಂಡ 52-6ರಿಂದ ಗೆದ್ದಿದ್ದರಿಂದ ಯಾರಿಗೂ ಅದು ನೆನಪಿಲ್ಲ. ಮೂರು ವರ್ಷದ ಮೇಲೂ ಓಡುವಾಗ ಚೆಂಡನ್ನು ಹಿಡಿಯುವ ಕೈ ಹಾಗೆಯೇ ಇತ್ತೆಂದರೆ ಸುಧಾರಣೆ ಒಂದು ಕಡೆ ಆಯಿತು, ಇನ್ನೊಂದು ಕಡೆ ಆಗಲಿಲ್ಲ ಎನ್ನಬೇಕು. ಇನ್ನು ಆ ವರ್ಷದ ರಾಷ್ಟ್ರೀಯ ಸೆಮಿಫೈನಲ್ ಆದ ಪೀಚ್ ಬೌಲ್. ಎಲ್‌ಎಸ್‌ಯು ಅರ್ಧಾವಧಿಗೆ 49-14, ಕೊನೆಗೆ 63-28. ಅಂದು ಹರ್ಟ್ಸ್ ಒಂದೂ ಟಚ್‌ಡೌನ್ ಪಾಸ್ ಎಸೆಯಲಿಲ್ಲ.

ಟೆಕ್ಸಾಸ್ ಅಪ್ಪ

ಅಂದು ಎಲ್‌ಎಸ್‌ಯು ಎದುರು ಯಾರು ನಿಂತಿದ್ದರೂ ಅದೇ ಗತಿಯಾಗುತ್ತಿತ್ತು. ಜೋ ಬರ್ರೋ ಮೊದಲಾರ್ಧದಲ್ಲಿಯೇ ಏಳು ಟಚ್‌ಡೌನ್ ಪಾಸ್ ಎಸೆದಿದ್ದರು. ಅದನ್ನು ಹರ್ಟ್ಸ್ ಅವರ ಖಾತೆಗೆ ಹಾಕಬೇಡಿ. ಫಂಬಲ್ ವಿಷಯದಲ್ಲಿ ಮಾತ್ರ ನೀವು ಹೇಳುವುದು ಸರಿ. ಹುಡುಗರಿಗೆ ಒಂದು ಕೆಲಸ ಕಲಿಸುವಾಗ ಇನ್ನೊಂದು ಹಿಂದೆ ಬೀಳುವುದನ್ನು ಪ್ರತಿ ಮಂಗಳವಾರ ಮೈದಾನದ ಅಂಚಿನಲ್ಲಿ ನೋಡುತ್ತಿದ್ದೇನೆ. ನನ್ನ ಮಗನಿಗೆ ಈಗ ಬೆರಳು ಕಾಣುತ್ತಿವೆ. ಆದರೆ ಬೆರಳು ನೋಡುವ ಭರದಲ್ಲಿ ಚೆಂಡನ್ನು ಎರಡು ಕೈಯಲ್ಲಿ ಹಿಡಿಯುವುದನ್ನು ಮರೆಯುತ್ತಾನೆ, ಪೊರಕೆ ತಗುಲಿ ಚೆಂಡು ಉರುಳುತ್ತದೆ. ಕಳೆದ ವಾರ ಅವನ ಕೋಚ್ ಇದಕ್ಕೆ ಬೈಯಲಿಲ್ಲ, “ಇದು ಹೊಸ ತಪ್ಪು, ಪರವಾಗಿಲ್ಲ” ಎಂದರು. ಪಾಕೆಟ್‌ನಲ್ಲಿ ಹೆಚ್ಚು ಹೊತ್ತು ನಿಲ್ಲುವವನು ಹೆಚ್ಚು ಹೊಡೆತ ತಿನ್ನುತ್ತಾನೆ, ಹೆಚ್ಚು ಸಲ ಚೆಂಡು ಕಳೆದುಕೊಳ್ಳುವ ಸಂದರ್ಭವೂ ಬರುತ್ತದೆ. ಆದರೆ ಹರ್ಟ್ಸ್ ಓಡುವಾಗ ಕೈಬಿಟ್ಟ ಚೆಂಡಿಗೆ ಈ ವಿವರಣೆ ಸಾಲದು ಎಂಬುದನ್ನೂ ಒಪ್ಪುತ್ತೇನೆ.

ತುಂಗಭದ್ರಾ

ಫಂಬಲ್ ಎಂದೊಡನೆ 2023ರ ಫೆಬ್ರುವರಿಯ ಸೂಪರ್ ಬೌಲ್‌ನಲ್ಲಿ ಅವರು ಕೈಬಿಟ್ಟ ಚೆಂಡನ್ನು ಕಾನ್ಸಸ್ ಸಿಟಿ ಟಚ್‌ಡೌನ್ ಮಾಡಿದ್ದು ನೆನಪಾಗುತ್ತದೆ.

ಹಳೇ ಸ್ಕೋರರ್

ತುಂಗಭದ್ರಾ ಅವರೇ, ಬೇಡವೆಂದಿದ್ದೆ.

ಇರಲಿ. ಎಲ್ಲರ ಮಾತನ್ನೂ ಎದುರಿಗಿಟ್ಟುಕೊಂಡು ನಿನ್ನೆ ರಾತ್ರಿ ಪುಸ್ತಕದ ಆ ಪುಟವನ್ನು ಮತ್ತೆ ಬರೆದೆ. ಇಂಟರ್‌ಸೆಪ್ಷನ್ ಕಾಲಮ್ಮನ್ನು ಮಾತ್ರ ನೋಡಿದರೆ 9, 1, 2, 8 ಎಂದಿದೆ; ಇದರಿಂದ ಯಾರೂ ಏನನ್ನೂ ಊಹಿಸಲಾರರು. ಒಂದು ಎಸೆತಕ್ಕೆ ಬಂದ ಯಾರ್ಡ್‌ಗಳನ್ನು ಹಾಕಿದರೆ 7.3, 8.2, 10.9, 11.3 ಎಂದು ಏಣಿಯ ಮೆಟ್ಟಿಲಿನಂತೆ ಬರುತ್ತದೆ. ಈ ಮೆಟ್ಟಿಲುಗಳಲ್ಲಿ ದೊಡ್ಡದು 2017ಕ್ಕೂ 2018ಕ್ಕೂ ನಡುವಿನದು, ಮೇಡಂ ಹೇಳಿದ ಬೆಂಚಿನ ವರ್ಷದ್ದು. ಅದರ ಎದುರಿಗೆ 70 ಎಸೆತ ಮಾತ್ರ ಎಂದು ಬೆಳಗಿನ ಜಾವ ಅವರ ಆಕ್ಷೇಪವನ್ನೂ ಬರೆದಿದ್ದೇನೆ. ಮಾರನೆಯ ವರ್ಷ 340 ಎಸೆತಗಳಲ್ಲಿಯೂ ಆ ಎತ್ತರ ಇಳಿಯಲಿಲ್ಲವಾದ್ದರಿಂದ ನನ್ನ ತಕ್ಕಡಿ ಸದ್ಯಕ್ಕೆ ಮೇಡಂ ಅವರ ಕಡೆಗೆ ವಾಲಿದೆ. ನಾರ್ಮನ್‌ನವರು ಸಿಟ್ಟಾಗಬಾರದು, ಮಡಕೆಯನ್ನು ಸುಟ್ಟು ಗಟ್ಟಿಮಾಡಿದ್ದು ನಿಮ್ಮ ಊರಿನ ಆವಿಗೆಯೇ ಇರಬಹುದು.

ಫಂಬಲ್‌ಗೆ ನನ್ನ ಪುಸ್ತಕದಲ್ಲಿ ಕಾಲಮ್ಮೇ ಇರಲಿಲ್ಲ. ಅಡಿಪಟ್ಟಿ ಹಿಡಿದು ಒಂದನ್ನು ಎಳೆದಿದ್ದೇನೆ. ಈ ಶನಿವಾರ ಅಳಿಯನಿಗೆ ಬೇರೆ ಕೆಲಸವಿದೆ, ಟಿವಿ ನನ್ನದೇ. ಒಂದೇ ಒಂದು ಹಳೆಯ ಪಂದ್ಯ ನೋಡುವುದಾದರೆ ಯಾವುದನ್ನು ನೋಡಲಿ?

ನಾರ್ಮನ್ ಕಡೆಯವ

ಬೇಲರ್ ಪಂದ್ಯದ ದ್ವಿತೀಯಾರ್ಧ.

ಬೆಳಗಿನ ಜಾವ

ಪೂರ್ತಿ ನೋಡಿ ಸರ್, ಮೊದಲಾರ್ಧವನ್ನೂ ಸೇರಿಸಿ. ಹೊಸ ಕಾಲಮ್ಮಿಗೆ ಕೆಲಸ ಸಿಗುವುದು ಅಲ್ಲಿಯೇ.